ಟೆಸ್ಟ್ ಮಾನ್ಯತೆಗೂ ಮೊದಲು ನಾಲ್ಕು ದಿನಗಳ ಆಟ ಕೊಡಿ: ಐಸಿಸಿ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾದ ಶ್ರೀ ಜಯ್ ಶಾ ಅವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನೇಪಾಳ ಎಂದಾದರೂ ಟೆಸ್ಟ್ ಆಡಬಲ್ಲದೇ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಅದರ ಉತ್ತರ ಕಠ್ಮಂಡುವಿನಲ್ಲಿ ಎಷ್ಟಿದೆಯೋ ದುಬೈನಲ್ಲಿರುವ ತಮ್ಮ ಕಚೇರಿಯಲ್ಲೂ ಅಷ್ಟೇ ಇರುವುದರಿಂದ ಈ ಪತ್ರವನ್ನು ತಮಗೇ ಬರೆಯುತ್ತಿದ್ದೇನೆ. ನೇಪಾಳಕ್ಕೆ ಈಗಲೇ ಟೆಸ್ಟ್ ಮಾನ್ಯತೆ ಕೊಡಿ ಎಂದು ನಾನು ಕೇಳುತ್ತಿಲ್ಲ; ಈಗ ಕೊಟ್ಟರೆ ಆ ತಂಡಕ್ಕೇ ಹಾನಿ ಎಂಬುದು ನನ್ನ ಅಭಿಪ್ರಾಯ. ನನ್ನ ಕೋರಿಕೆ ಅದಕ್ಕಿಂತ ಚಿಕ್ಕದು. ಟೆಸ್ಟ್ ಆಡುವ ಪೂರ್ಣ ಸದಸ್ಯತ್ವವಿಲ್ಲದ ಸಹಸದಸ್ಯ ರಾಷ್ಟ್ರಗಳಿಗಾಗಿ ನಡೆಯುತ್ತಿದ್ದು 2017ರಲ್ಲಿ ನಿಂತುಹೋದ ನಾಲ್ಕು ದಿನಗಳ ಪಂದ್ಯಾವಳಿಯನ್ನು (ಇಂಟರ್‌ಕಾಂಟಿನೆಂಟಲ್ ಕಪ್) ದಯವಿಟ್ಟು ಮತ್ತೆ ಆರಂಭಿಸಿ.

ನೇಪಾಳದ ಆಟಗಾರರಿಗೆ ಆಡಲು ಬರುತ್ತದೆಯೇ ಎಂಬ ಸಂಶಯ ಈಗ ಯಾರಿಗೂ ಉಳಿದಿರಲಾರದು. 2024ರ ಟಿ20 ವಿಶ್ವಕಪ್‌ನಲ್ಲಿ, ಕಿಂಗ್ಸ್‌ಟೌನ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 115 ರನ್ನಿಗೆ ಕಟ್ಟಿಹಾಕಿ, ಕೊನೆಯ ಎಸೆತದ ರನೌಟ್‌ನಿಂದಾಗಿ ಒಂದೇ ರನ್ನಿನಿಂದ ಸೋತ ತಂಡವದು. 2025ರ ಸೆಪ್ಟೆಂಬರ್‌ನಲ್ಲಿ ಶಾರ್ಜಾದಲ್ಲಿ ವೆಸ್ಟ್ ಇಂಡೀಸನ್ನು 2–1ರಿಂದ ಮಣಿಸಿ, ಪೂರ್ಣ ಸದಸ್ಯ ರಾಷ್ಟ್ರವೊಂದರ ವಿರುದ್ಧ ಮೊದಲ ಬಾರಿಗೆ ಸರಣಿ ಗೆದ್ದಿತು. ಕೀರ್ತಿಪುರದ ತ್ರಿಭುವನ ವಿಶ್ವವಿದ್ಯಾಲಯದ ಮೈದಾನದಲ್ಲಿ ಕೂರಲು ಜಾಗ ಸಿಗದ ಜನ ಸುತ್ತಲಿನ ಮರಗಳನ್ನೇರಿ ಪಂದ್ಯ ನೋಡುವ ಚಿತ್ರಗಳನ್ನು ತಾವೂ ನೋಡಿರುತ್ತೀರಿ. ಪೂರ್ಣ ಸದಸ್ಯತ್ವ ಪಡೆದ ಕೆಲವು ದೇಶಗಳಲ್ಲಿ ಇಂದು ಇಷ್ಟು ಪ್ರೇಕ್ಷಕರಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಆದರೆ ಇವೆಲ್ಲವೂ ಇಪ್ಪತ್ತು ಓವರುಗಳ ಸಾಧನೆಗಳು. ಎರಡನೇ ದಿನದ ಮಧ್ಯಾಹ್ನ, ಚೆಂಡು ಹಳತಾಗಿ ಪಿಚ್ ಸತ್ತಂತಿರುವಾಗ ಮೂವತ್ತು ಓವರು ವಿಕೆಟ್ಟಿಲ್ಲದೆ ಬೌಲಿಂಗ್ ಮಾಡುವ ತಾಳ್ಮೆಯನ್ನಾಗಲಿ, ಫಾಲೋಆನ್ ಆದ (ಬಹಳ ಹಿಂದೆ ಬಿದ್ದು ತಕ್ಷಣವೇ ಮತ್ತೆ ಬ್ಯಾಟ್ ಮಾಡಬೇಕಾದ) ಮೇಲೆ ಒಂದೂವರೆ ದಿನ ಕ್ರೀಸಿನಲ್ಲಿ ನಿಲ್ಲುವ ಛಲವನ್ನಾಗಲಿ ಟಿ20 ಪಂದ್ಯ ಕಲಿಸುವುದಿಲ್ಲ. ಇದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ ಬಾಂಗ್ಲಾದೇಶ. 2000ದ ನವೆಂಬರ್‌ನಲ್ಲಿ ಢಾಕಾದಲ್ಲಿ ಭಾರತದ ವಿರುದ್ಧ ತನ್ನ ಮೊದಲ ಟೆಸ್ಟ್ ಆಡಿದ ಆ ತಂಡ ಅಮೀನುಲ್ ಇಸ್ಲಾಂ ಅವರ 145 ರನ್ನುಗಳ ನೆರವಿನಿಂದ ಮೊದಲ ಇನಿಂಗ್ಸ್‌ನಲ್ಲಿ 400 ರನ್ ಗಳಿಸಿದಾಗ ಸಂಭ್ರಮಪಡದವರಿರಲಿಲ್ಲ. ಎರಡನೇ ಇನಿಂಗ್ಸ್‌ನಲ್ಲಿ ಅದೇ ತಂಡ 91ಕ್ಕೆ ಕುಸಿದು, ಭಾರತ ಒಂಬತ್ತು ವಿಕೆಟ್‌ಗಳಿಂದ ಗೆದ್ದಿತು. ಆ ಪಂದ್ಯದಲ್ಲಿ 92 ರನ್ನೂ ಐದು ವಿಕೆಟ್ಟಿನ ಗೊಂಚಲನ್ನೂ ಪಡೆದು ಪಂದ್ಯಶ್ರೇಷ್ಠರಾದವರು ಗದಗಿನ ಸುನಿಲ್ ಜೋಶಿ. (ಮುಂದೆ ಅದೇ ಬಾಂಗ್ಲಾದೇಶ ಅವರನ್ನು ತನ್ನ ಸ್ಪಿನ್ ತರಬೇತುದಾರರನ್ನಾಗಿ ಕರೆಸಿಕೊಂಡಿತು.) ಮಾನ್ಯತೆ ಸಿಗುವ ಹೊತ್ತಿಗೆ ಬಾಂಗ್ಲಾದೇಶದ ರಾಷ್ಟ್ರೀಯ ಲೀಗ್ ಆಗಷ್ಟೇ ಕಣ್ಣುಬಿಟ್ಟಿತ್ತು, ಅದಕ್ಕೆ ಪ್ರಥಮ ದರ್ಜೆಯ (ಮೂರು ಅಥವಾ ಹೆಚ್ಚು ದಿನಗಳ ಉನ್ನತ ಮಟ್ಟದ ಪಂದ್ಯಗಳ) ಸ್ಥಾನ ದೊರೆತದ್ದು 2000–01ರ ಋತುವಿನಲ್ಲಿ. ಪರಿಣಾಮವಾಗಿ, ಕಲಿಯಬೇಕಾದ ಪಾಠವನ್ನೆಲ್ಲ ಆ ಹುಡುಗರು ಜಗತ್ತಿನೆದುರು, ಟೆಸ್ಟ್ ಪಂದ್ಯಗಳಲ್ಲೇ ಕಲಿಯಬೇಕಾಯಿತು. ಮೊದಲ ಗೆಲುವು ಬಂದದ್ದು 2005ರ ಜನವರಿಯಲ್ಲಿ, 35ನೇ ಪಂದ್ಯದಲ್ಲಿ.

ಬೇಗ ಗೆಲ್ಲಲಿಲ್ಲ ಎಂದು ಯಾರನ್ನೂ ಹಂಗಿಸುವ ಹಕ್ಕು ನಮಗಂತೂ ಇಲ್ಲ. 1932ರಲ್ಲಿ ಟೆಸ್ಟ್ ಆರಂಭಿಸಿದ ಭಾರತ ಮೊದಲು ಗೆದ್ದದ್ದು 1952ರಲ್ಲಿ ಮದ್ರಾಸಿನಲ್ಲಿ. 1930ರಲ್ಲಿ ಆರಂಭಿಸಿದ ನ್ಯೂಜಿಲೆಂಡ್ 1956ರವರೆಗೆ ಕಾಯಿತು. ಆದರೆ ಕಾಯುವ ಆ ವರ್ಷಗಳಲ್ಲಿ ಭಾರತಕ್ಕೆ ರಣಜಿ ಟ್ರೋಫಿ ಇತ್ತು, ನ್ಯೂಜಿಲೆಂಡಿಗೆ ಅಂಥದೇ ದೇಶೀಯ ಟೂರ್ನಿಯಾದ ಪ್ಲಂಕೆಟ್ ಶೀಲ್ಡ್ ಇತ್ತು. ಶ್ರೀಲಂಕಾದ ಉದಾಹರಣೆ ಇನ್ನೂ ಹತ್ತಿರದ್ದು. 1982ರಲ್ಲಿ ಮೊದಲ ಟೆಸ್ಟ್ ಆಡುವುದಕ್ಕೆ ಎಷ್ಟೋ ಮೊದಲು, 1950ರ ದಶಕದಿಂದ ಎಪ್ಪತ್ತರ ದಶಕದವರೆಗೆ, ಆಗಿನ ಸಿಲೋನ್ ತಂಡ ಗೋಪಾಲನ್ ಟ್ರೋಫಿಗಾಗಿ ಮದ್ರಾಸಿನೊಂದಿಗೆ ಪ್ರಥಮ ದರ್ಜೆ ಪಂದ್ಯಗಳನ್ನು ಆಡುತ್ತಲೇ ಬಂದಿತ್ತು. ನೆರೆಯ ಒಂದು ರಾಜ್ಯದ ಸಂಸ್ಥೆ ಅಷ್ಟನ್ನು ಮಾಡಿತು. ಜಗತ್ತಿನ ಮಂಡಳಿಗೆ ಅದು ಭಾರವಾಗಬಾರದು.

ತಮ್ಮ ಮಂಡಳಿಯೇ 2004ರಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ಆರಂಭಿಸಿದಾಗ ಈ ಅರಿವು ಅದಕ್ಕಿತ್ತು. ಮೂರು ದಿನಗಳ ಪಂದ್ಯಗಳಾಗಿ ಶುರುವಾಗಿ ನಾಲ್ಕು ದಿನಗಳಿಗೆ ಬೆಳೆದ ಆ ಟೂರ್ನಿಯನ್ನು ಐರ್ಲೆಂಡ್ ನಾಲ್ಕು ಬಾರಿ, ಅಫ್ಗಾನಿಸ್ತಾನ ಎರಡು ಬಾರಿ ಗೆದ್ದವು. 2009ರಲ್ಲಿ ಮುತಾರೆಯಲ್ಲಿ ಜಿಂಬಾಬ್ವೆ ಇಲೆವೆನ್ ವಿರುದ್ಧ ತನ್ನ ಚೊಚ್ಚಲ ಪ್ರಥಮ ದರ್ಜೆ ಪಂದ್ಯದಲ್ಲೇ ಅಫ್ಗಾನಿಸ್ತಾನದ ನೂರ್ ಅಲಿ ಎರಡೂ ಇನಿಂಗ್ಸ್‌ಗಳಲ್ಲಿ ಶತಕ ಹೊಡೆದದ್ದು ಇದೇ ಟೂರ್ನಿಯಲ್ಲಿ. 2017ರ ಜೂನ್‌ನಲ್ಲಿ ಈ ಎರಡು ದೇಶಗಳಿಗೆ ಪೂರ್ಣ ಸದಸ್ಯತ್ವ ಸಿಕ್ಕಾಗ ಅವು ಹೊರಗಿನಿಂದ ಬಂದ ಅತಿಥಿಗಳಾಗಿರಲಿಲ್ಲ, ಏಣಿ ಹತ್ತಿ ಬಂದವರಾಗಿದ್ದವು. ವಿಚಿತ್ರವೆಂದರೆ, ಇಬ್ಬರು ಮೇಲೇರಿದ ಆ ವರ್ಷವೇ ಏಣಿಯನ್ನು ತೆಗೆದಿಡಲಾಯಿತು. ಆರಂಭದ ಆವೃತ್ತಿಗಳಲ್ಲಿ ಆಡಿದ್ದ ನೇಪಾಳವಾಗಲಿ, ಮೊದಲ ಆವೃತ್ತಿಯನ್ನು ಗೆದ್ದ ಸ್ಕಾಟ್‌ಲೆಂಡ್ ಆಗಲಿ, ನೆದರ್‌ಲೆಂಡ್ಸ್ ಆಗಲಿ, ಈಗ ಟೆಸ್ಟ್ ಮಟ್ಟಕ್ಕೆ ಅರ್ಹತೆ ಸಾಬೀತುಪಡಿಸಲು ಎಲ್ಲಿ ಆಡಬೇಕು?

ಏಣಿ ಹತ್ತಿ ಬಂದವರಿಗೂ ಮೊದಲ ದಿನಗಳು ಸುಲಭವಲ್ಲ ಎಂಬುದನ್ನು ಬೆಂಗಳೂರು ಕಂಡಿದೆ. 2018ರ ಜೂನ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅಫ್ಗಾನಿಸ್ತಾನ ತನ್ನ ಮೊದಲ ಟೆಸ್ಟ್ ಆಡಿ, ಭಾರತದ 474ಕ್ಕೆ ಉತ್ತರವಾಗಿ ಒಂದೇ ದಿನದಲ್ಲಿ 109 ಮತ್ತು 103ಕ್ಕೆ ಎರಡು ಬಾರಿ ಆಲೌಟಾಯಿತು. ಇಂಥವರಿಗೆ ಟೆಸ್ಟ್ ಏಕೆ ಎಂದು ಗೊಣಗಿದವರು ಹಲವರು. ಮುಂದಿನ ವರ್ಷ ಅದೇ ತಂಡ ಡೆಹ್ರಾಡೂನ್‌ನಲ್ಲಿ ಐರ್ಲೆಂಡನ್ನೂ ಚಟ್ಟೋಗ್ರಾಮದಲ್ಲಿ ಬಾಂಗ್ಲಾದೇಶವನ್ನೂ ಸೋಲಿಸಿತು. ಆ ಬೌಲರುಗಳಿಗೆ ದೀರ್ಘ ಸ್ಪೆಲ್ ಹಾಕುವ ಅಭ್ಯಾಸ ಒಂದೇ ವರ್ಷದಲ್ಲಿ ಬಂದದ್ದಲ್ಲ.

ಸಮಯಕ್ಕೆ ಏಣಿ ಸಿಗದವರ ಗತಿ ಏನಾಗುತ್ತದೆ ಎಂಬುದಕ್ಕೆ ಕೀನ್ಯಾ ಇದೆ. 1996ರಲ್ಲಿ ಪುಣೆಯಲ್ಲಿ ವೆಸ್ಟ್ ಇಂಡೀಸನ್ನು 93ಕ್ಕೆ ಉರುಳಿಸಿ, 2003ರಲ್ಲಿ ವಿಶ್ವಕಪ್ ಸೆಮಿಫೈನಲ್ ತಲುಪಿದ ದೇಶ 2014ರಲ್ಲಿ ಏಕದಿನ ಮಾನ್ಯತೆಯನ್ನೂ ಕಳೆದುಕೊಂಡಿತು. ಆಡಳಿತದ ಜಗಳ, ಭ್ರಷ್ಟಾಚಾರ ಎಲ್ಲವೂ ಅದರಲ್ಲಿ ಸೇರಿವೆ, ನಿಜ. ಆದರೆ ಗೆದ್ದ ಕ್ಷಣದಲ್ಲಿ ಮುಂದಿನ ಮೆಟ್ಟಿಲು ಯಾರೂ ತೋರಿಸಲಿಲ್ಲ ಎಂಬುದೂ ಅಷ್ಟೇ ನಿಜ.

ನೇಪಾಳದ ತಪ್ಪುಗಳನ್ನು ಮುಚ್ಚಿಟ್ಟು ಈ ಪತ್ರ ಬರೆಯುವುದು ಪ್ರಾಮಾಣಿಕವಾಗದು. ಸರ್ಕಾರದ ಹಸ್ತಕ್ಷೇಪದ ಕಾರಣಕ್ಕೆ ಅಲ್ಲಿನ ಕ್ರಿಕೆಟ್ ಸಂಸ್ಥೆಯನ್ನು 2016ರಿಂದ 2019ರವರೆಗೆ ಐಸಿಸಿ ಅಮಾನತಿನಲ್ಲಿಟ್ಟಿತ್ತು. ಭರತ್‌ಪುರದಲ್ಲಿ 2019ರಲ್ಲಿ ಆರಂಭಿಸಿದ ಗೌತಮ ಬುದ್ಧ ಕ್ರೀಡಾಂಗಣ ಹಣವಿಲ್ಲದೆ ವರ್ಷಗಟ್ಟಲೆ ಅರ್ಧಕ್ಕೆ ನಿಂತಿತು. ಪ್ರಾಂತ್ಯಗಳ ನಡುವೆ ಪ್ರತಿವರ್ಷ ತಪ್ಪದೆ ನಡೆಯುವ, ಗಟ್ಟಿಯಾದ ನಾಲ್ಕು ದಿನಗಳ ಟೂರ್ನಿಯನ್ನು ಕಟ್ಟಬೇಕಾದವರು ಕಠ್ಮಂಡುವಿನವರೇ ಹೊರತು ತಾವಲ್ಲ. ಅಫ್ಗಾನಿಸ್ತಾನ ಯುದ್ಧದ ನಡುವೆಯೂ ತನ್ನ ಅಹ್ಮದ್ ಷಾ ಅಬ್ದಾಲಿ ಟೂರ್ನಿಯನ್ನು 2017ರಲ್ಲಿ ಪ್ರಥಮ ದರ್ಜೆಗೆ ಏರಿಸಿತು ಎಂದು ನೇಪಾಳದವರಿಗೆ ನೆನಪಿಸುವ ಹಕ್ಕು ತಮಗಿದೆ.

ಹಣದ ಮಾತು ಬರುತ್ತದೆಂದು ಬಲ್ಲೆ. ನಾಲ್ಕು ದಿನಗಳ ಪಂದ್ಯವನ್ನು ಯಾರೂ ದುಡ್ಡು ಕೊಟ್ಟು ನೋಡುವುದಿಲ್ಲ, ಯಾವ ವಾಹಿನಿಯೂ ಕೊಳ್ಳುವುದಿಲ್ಲ. ಪೂರ್ಣ ಸದಸ್ಯತ್ವ ಪಡೆದ ಐರ್ಲೆಂಡಿನಲ್ಲೇ 2019ರ ನಂತರ ಹಲವು ವರ್ಷ ಪ್ರಥಮ ದರ್ಜೆಯ ಪ್ರಾಂತೀಯ ಟೂರ್ನಿ ನಡೆಯಲಿಲ್ಲ. ಆದರೆ ವರದಿಗಳ ಪ್ರಕಾರ 2024ರಿಂದ 2027ರವರೆಗಿನ ಹಂಚಿಕೆಯಲ್ಲಿ ಐಸಿಸಿ ಆದಾಯದ ಶೇ 38ಕ್ಕೂ ಹೆಚ್ಚು ಭಾಗ ಭಾರತವೊಂದಕ್ಕೇ ಹೋಗುತ್ತದೆ, ತೊಂಬತ್ತಕ್ಕೂ ಹೆಚ್ಚು ಸಹಸದಸ್ಯ ರಾಷ್ಟ್ರಗಳು ಸುಮಾರು ಶೇ 11ನ್ನು ಹಂಚಿಕೊಳ್ಳುತ್ತವೆ. ಆರು ತಂಡಗಳು ಎರಡು ವರ್ಷಗಳಲ್ಲಿ ತಲಾ ಐದು ನಾಲ್ಕು ದಿನಗಳ ಪಂದ್ಯ ಆಡುವ ಲೀಗಿಗೆ ಬೇಕಾಗುವ ಹಣ ಇಷ್ಟು ದೊಡ್ಡ ಬೊಕ್ಕಸಕ್ಕೆ ಹೊರೆಯಾದೀತೆಂದು ನಂಬಲು ನನ್ನಿಂದಾಗದು.

ಅದು ಆಗುವವರೆಗೆ ಇನ್ನೊಂದು ದಾರಿಯಿದೆ, ಅದು ತಮ್ಮ ಹಳೆಯ ಮನೆಯ ಮೂಲಕ ಹಾದುಹೋಗುತ್ತದೆ. ಬಿಸಿಸಿಐ ಕಾರ್ಯದರ್ಶಿಯಾಗಿದ್ದ ತಮಗೆ, ರಣಜಿಗೆ ಮುನ್ನ ರಾಜ್ಯ ಸಂಸ್ಥೆಗಳು ನಡೆಸುವ ಆಹ್ವಾನಿತ ಟೂರ್ನಿಗಳ ಪರಿಚಯ ಚೆನ್ನಾಗಿಯೇ ಇದೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಕ್ಯಾಪ್ಟನ್ ತಿಮ್ಮಪ್ಪಯ್ಯ ಸ್ಮಾರಕ ಟೂರ್ನಿಗೆ ಹೊರರಾಜ್ಯಗಳ ತಂಡಗಳು ಬಂದು ಬೆಂಗಳೂರು ಬಳಿಯ ಆಲೂರಿನ ಮೈದಾನಗಳಲ್ಲಿ ನಾಲ್ಕು ದಿನಗಳ ಪಂದ್ಯಗಳನ್ನಾಡುತ್ತವೆ. ಮದ್ರಾಸು ಸಿಲೋನಿಗೆ ಮಾಡಿದ್ದನ್ನು ಬೆಂಗಳೂರು ನೇಪಾಳಕ್ಕೆ ಮಾಡಲಾರದೇ? ನೇಪಾಳ ತಂಡವನ್ನು ಅಲ್ಲಿಗೆ ಕಳುಹಿಸಲು ಎರಡು ಮಂಡಳಿಗಳ ನಡುವಿನ ಒಂದು ಒಪ್ಪಂದ ಸಾಕು. ಅಲ್ಲಿ ನೇಪಾಳ ಇನಿಂಗ್ಸ್ ಸೋಲು ಕಾಣಬಹುದು, ಮೂರು ದಿನಗಳಲ್ಲೇ ಮುಗಿದುಹೋಗಬಹುದು. ಅದನ್ನು ಯಾವ ದಾಖಲೆಯೂ ಟೆಸ್ಟ್ ಸೋಲೆಂದು ಬರೆದಿಡುವುದಿಲ್ಲ.

ಟೆಸ್ಟ್ ಚಾಂಪಿಯನ್‌ಷಿಪ್‌ನಲ್ಲಿ ಒಂಬತ್ತೇ ತಂಡಗಳಿದ್ದು ಐರ್ಲೆಂಡ್, ಅಫ್ಗಾನಿಸ್ತಾನ, ಜಿಂಬಾಬ್ವೆಗಳೇ ಹೊರಗುಳಿದಿರುವಾಗ ಹದಿಮೂರನೆಯವರ ಮಾತೇಕೆ ಎಂದು ತಮ್ಮ ಸಲಹೆಗಾರರು ಕೇಳಬಹುದು. ಆ ಚರ್ಚೆ ಬೇರೆ. ನಾನು ಕೇಳುತ್ತಿರುವುದು ಸಹಸದಸ್ಯ ರಾಷ್ಟ್ರಗಳ ನಾಲ್ಕು ದಿನಗಳ ಪಂದ್ಯಾವಳಿಯನ್ನು ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿ, ಅದರ ವೆಚ್ಚದ ಅಂದಾಜನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ಮಾತ್ರ.

ವಂದನೆಗಳೊಂದಿಗೆ,
ಕರ್ನಾಟಕದ ಒಬ್ಬ ಕ್ರಿಕೆಟ್ ಅಭಿಮಾನಿ