ಟಾಲಿನ್‌ನಿಂದ ಅಕ್ಕನಿಗೆ

ಟಾಲಿನ್, ಎಸ್ಟೋನಿಯಾ, ಡಿಸೆಂಬರ್ 14

ಪ್ರೀತಿಯ ಅಕ್ಕ,

ಚಳಿ ಅಂತ ಅಮ್ಮ ಗಾಬರಿ ಪಡುವುದು ಬೇಡ ಅಂತ ಹೇಳು. ಮನೆಯೊಳಗೆ ಬೆಚ್ಚಗಿದೆ. ಇಲ್ಲಿ ಕಷ್ಟ ಕತ್ತಲೆಯದು. ಮಧ್ಯಾಹ್ನ ಮೂರೂವರೆ ಅನ್ನುವಷ್ಟರಲ್ಲಿ ಸೂರ್ಯ ಮುಳುಗಿಬಿಡುತ್ತಾನೆ.

ಭಾನುವಾರ ಸುಮ್ನೆ ಕೂರಲಾರದೆ ಟ್ರಾಮ್ ಹತ್ತಿ ಊರಿನ ಕಾದ್ರಿಯೋರ್ಗ್ ಅನ್ನುವ ಬಡಾವಣೆಗೆ ಹೋದೆ. ಅಲ್ಲಿ ಕುಮು ಅಂತ ದೊಡ್ಡ ಕಲಾ ಮ್ಯೂಸಿಯಂ ಇದೆ. ಒಳಗೆ ಹೋದಾಗ ನೆನಪಾದವಳು ನೀನೇ. ಲಿಡಿಯಾ ಮೇಯ್ ಅಂತ ಒಬ್ಬಳು ಚಿತ್ರಗಾರ್ತಿ. 1896ರಲ್ಲಿ ಹುಟ್ಟಿ 1965ರಲ್ಲಿ ತೀರಿಕೊಂಡವಳು. ನಿನ್ನ ಹಾಗೆಯೇ ವಾಟರ್ ಕಲರ್ ಹುಚ್ಚು. ಇಲ್ಲಿಯವರು ಅದಕ್ಕೆ ‘ಅಕ್ವಾರೆಲ್’ ಅನ್ನುತ್ತಾರೆ.

ಲಿಡಿಯಾ ಸೇರಿ ಮೂವರು ಅಕ್ಕತಂಗಿಯರು, ಮೂವರೂ ಕಲಾವಿದೆಯರೇ. ಕ್ರಿಸ್ಟಿನೆ ಶಿಲ್ಪಿ. ನತಾಲಿಯೆ ನಾಟಕಗಳ ವೇಷಭೂಷಣ ವಿನ್ಯಾಸ ಮಾಡುತ್ತಿದ್ದಳು. ಲಿಡಿಯಾ ರಷ್ಯಾದ ಪೆಟ್ರೊಗ್ರಾಡ್‌ಗೆ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಹೋಗಿ ಓದಿದ್ದು ಆರ್ಕಿಟೆಕ್ಚರ್. ಆಗ ಎಸ್ಟೋನಿಯಾ ರಷ್ಯಾದ ಕೈಕೆಳಗಿತ್ತು, ಸ್ವತಂತ್ರ ಅಂತ ಸಾರಿದ್ದು 1918ರಲ್ಲಿ. ಕೆಲವು ವರ್ಷ ಆಂಟನ್ ಸ್ಟಾರ್ಕೋಪ್ಫ್ ಅನ್ನುವ ಹೆಸರಾಂತ ಶಿಲ್ಪಿಯ ಹೆಂಡತಿಯಾಗಿದ್ದಳು. ಇವಳ ಬಗ್ಗೆ ಓದಲು ಕೂತರೆ ಅವನ ಹೆಸರು ಮೊದಲು ಎದುರಾಗುತ್ತದೆ. ನನಗೆ ಸ್ವಲ್ಪ ಸಿಟ್ಟೇ ಬಂತು.

ವಾಟರ್ ಕಲರ್ ಅಂದರೆ ಬಣ್ಣ ಹರಡಿ ಮಂಜು ಮಂಜಾಗಿ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಇವಳದು ಹಾಗಲ್ಲ. ಹೂವು, ಹೂದಾನಿ, ಮುಖ, ಎಲ್ಲದಕ್ಕೂ ಅಂಚು ಕತ್ತರಿಸಿಟ್ಟ ಹಾಗೆ. ಆರ್ಕಿಟೆಕ್ಚರ್ ಓದಿದ ಕೈ, ಅದಕ್ಕೇ ಇರಬೇಕು. ಒಂದು ಹೂವಿನ ಚಿತ್ರದ ಹತ್ತಿರ ಹೋಗಿ ಬಗ್ಗಿ ನೋಡಿದೆ. ಎಸಳಿನ ಮೇಲಿನ ಬೆಳಕು ಇದೆಯಲ್ಲ, ಅದು ಬಣ್ಣವೇ ಅಲ್ಲ. ಬರೀ ಕಾಗದ. ಸುತ್ತ ಬಣ್ಣ ಹಚ್ಚಿ ಅಷ್ಟನ್ನು ಮಾತ್ರ ಬಿಟ್ಟಿದ್ದಾಳೆ. ಡ್ರಾಯಿಂಗ್ ಮೇಷ್ಟ್ರು ಬಿಳಿ ಟ್ಯೂಬ್ ಮುಟ್ಟಿದರೆ ನಿನ್ನ ಕೈಗೆ ಹೊಡೆಯುತ್ತಿದ್ದರಲ್ಲ, ಯಾಕೆ ಅಂತ ಈಗ ಗೊತ್ತಾಯಿತು. ಬ್ರಷ್ ತುದಿ ಒಂದು ಕೂದಲಷ್ಟು ಆಚೆ ಹೋಗಿದ್ದರೂ ಆ ಬೆಳಕು ಹೋಗುತ್ತಿತ್ತು. ವಾಪಸ್ ತರಲು ದಾರಿಯಿಲ್ಲ.

ಕೋಣೆಯಲ್ಲಿ ದೀಪ ಮಾತ್ರ ಮಂಕು. ದುಡ್ಡು ಕೊಟ್ಟು ಬಂದರೂ ಇಲ್ಲೂ ಕತ್ತಲೆಯೇ ಅಂತ ಗೊಣಗಿಕೊಂಡೆ. ಅಲ್ಲಿ ಕಾವಲಿಗೆ ಕೂತಿದ್ದ ಅಜ್ಜಿಯನ್ನು ಕೇಳಿದರೆ, ಬೆಳಕು ಜಾಸ್ತಿ ಬಿದ್ದರೆ ಕಾಗದ ಹಳದಿಯಾಗುತ್ತದೆ, ಬಣ್ಣ ಬಿಟ್ಟುಹೋಗುತ್ತದೆ ಅಂದರು. ಅದಕ್ಕೇ ಇಂಥ ಚಿತ್ರಗಳನ್ನು ಕೆಲವು ತಿಂಗಳು ತೋರಿಸಿ ಮತ್ತೆ ಕತ್ತಲೆಯಲ್ಲಿ ಎತ್ತಿಡುತ್ತಾರಂತೆ.

ಆಗ ನಮ್ಮ ಜಗಲಿಯ ಗೋಡೆ ಕಣ್ಣ ಮುಂದೆ ಬಂತು. ನೀನು ಪಿಯುಸಿಯಲ್ಲಿ ಬರೆದ ದಾಸವಾಳ. ಈಗ ಅದು ಕೆಂಪೋ ಕಂದೋ ಹೇಳಲಾಗದ ಹಾಗಾಗಿದೆ, ಅಲ್ವಾ? ಅಗ್ಗದ ಬಣ್ಣ ತಂದುಕೊಟ್ಟೆ ಅಂತ ಅಪ್ಪ ಇಷ್ಟು ವರ್ಷ ಬೈಸಿಕೊಂಡರು. ಪಾಪ, ಬೆಳಗಿನ ಬಿಸಿಲೂ ಅದರ ಮೇಲೆ ನೇರ ಬೀಳುತ್ತಿತ್ತು. ಅಪ್ಪನಿಗೆ ಓದಿ ಹೇಳು.

ಟ್ರಂಕಿನಲ್ಲಿ ಇನ್ನೂ ಎರಡು ಚಿತ್ರ ಇರಬೇಕು, ಕೆರೆಯದು ಮತ್ತು ಅಜ್ಜಿಯದು. ಅವನ್ನು ನಡುಮನೆಯ ಒಳಗೋಡೆಗೆ ಹಾಕು. ಫೋಟೋ ತೆಗೆದು ಕಳಿಸು.

ನಿನ್ನ ತಮ್ಮ,
ಸುಧಿ