ಇನಾಮು ಎಂಬ ಮಾತನ್ನು ಯಾಕೆ ಬಿಟ್ಟೆವು?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಒಂದೇ ಪುಟದಲ್ಲಿ ‘ಬಹುಮಾನ’ ಎಂಬ ಪದ ಮೂರು ಕಡೆ ಕಂಡಿತು. ಓಟದಲ್ಲಿ ಗೆದ್ದ ಹುಡುಗಿಗೆ ಬಹುಮಾನ. ತಲೆಮರೆಸಿಕೊಂಡ ಆರೋಪಿಯ ಸುಳಿವು ಕೊಟ್ಟವರಿಗೆ ಬಹುಮಾನ. ಕಳೆದುಹೋದ ನಾಯಿಯನ್ನು ಹುಡುಕಿಕೊಟ್ಟವರಿಗೂ ಬಹುಮಾನ. ಮೊದಲನೆಯದು ಸರಿ. ಉಳಿದ ಎರಡು ಕಡೆ ನಮ್ಮ ಹಿರಿಯರು ಬೇರೆ ಮಾತು ಆಡುತ್ತಿದ್ದರು: ಇನಾಮು. ಆ ಮಾತು ಪತ್ರಿಕೆಗಳಿಂದ ಮೆಲ್ಲಗೆ ಜಾರಿಹೋಗುತ್ತಿದೆ. ನನಗೆ ಬೇಜಾರಾಗಿದೆ, ಅದಕ್ಕೇ ಈ ಪತ್ರ.

ನಮ್ಮದು ಧಾರವಾಡದ ಕಡೆಯ ಒಂದು ಹಳ್ಳಿ. ಅಜ್ಜ ಪೈಲ್ವಾನರಾಗಿದ್ದರು. ಜಾತ್ರೆಯ ಕುಸ್ತಿಯಲ್ಲಿ ಗೆದ್ದು ತಂದ ಬೆಳ್ಳಿ ಕಡಗ ಈಗಲೂ ಮನೆಯ ಟ್ರಂಕಿನಲ್ಲಿದೆ, ಅದರ ಜೊತೆ ಜರಿ ಅಂಚಿನ ಹಳೆಯ ರುಮಾಲು ಕೂಡ ಇದೆ. ಅಜ್ಜ ಇವೆರಡನ್ನೂ ಒಂದೇ ಮಾತಿನಲ್ಲಿ ಹೇಳುತ್ತಿರಲಿಲ್ಲ. ಕಡಗ ‘ಗೆದ್ದದ್ದು’. ರುಮಾಲು ‘ಇನಾಮು ಬಂದದ್ದು’. ಕಡಗವನ್ನು ಪಂಚರು ಮೊದಲೇ ಸಾರಿ ಇಟ್ಟಿದ್ದರು, ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿದವನಿಗೆ ಅದು ಸಲ್ಲಲೇಬೇಕಿತ್ತು. ರುಮಾಲು ಹಾಗಲ್ಲ. ಕುಸ್ತಿ ನೋಡಿ ಮನಸ್ಸು ತುಂಬಿ ಬಂದ ಪಕ್ಕದೂರಿನ ಗೌಡರು ತಮ್ಮ ತಲೆಯ ಮೇಲಿದ್ದದ್ದನ್ನೇ ತೆಗೆದು ಕೊಟ್ಟುಬಿಟ್ಟರಂತೆ. ಶಾಲೆಗೆ ಹೋಗದ ಅಜ್ಜನಿಗೆ ಈ ವ್ಯತ್ಯಾಸ ಸಲೀಸಾಗಿ ಗೊತ್ತಿತ್ತು. ಸ್ಪರ್ಧೆಯಲ್ಲಿ ಗೆದ್ದರೆ ಬಹುಮಾನ. ಒಬ್ಬರ ಕೆಲಸ ಆಯಿತು ಅಂತಲೋ, ಅವರಿಗೆ ಖುಷಿಯಾಯಿತು ಅಂತಲೋ ಅವರ ಕೈಯಿಂದ ಬಂದರೆ ಇನಾಮು. ನಾಯಿ ಹುಡುಕಿಕೊಟ್ಟವರು ಯಾರನ್ನೂ ಸೋಲಿಸಿಲ್ಲ, ಅಲ್ವಾ?

ಇದನ್ನು ಹೇಳಿದಾಗ ಗೆಳೆಯರೊಬ್ಬರು ‘ಇನಾಮು ಕನ್ನಡದ ಪದವೇ ಅಲ್ಲ’ ಎಂದರು. ನಿಜ, ಮೂಲ ಅರಬ್ಬಿ, ಪಾರಸಿಯ ಮೂಲಕ ನಮ್ಮಲ್ಲಿಗೆ ಬಂತು, ದಯೆಯಿಂದ ಕೊಟ್ಟದ್ದು ಎಂಬುದು ಅದರ ಅರ್ಥ. ಆದರೆ ಬಹುಮಾನವೂ ಸಂಸ್ಕೃತದಿಂದ ಬಂದದ್ದೇ. ರೈತ, ಜಮೀನು, ಅರ್ಜಿ, ಜಿಲ್ಲೆ, ತಾಲ್ಲೂಕು ಇವೆಲ್ಲ ಇನಾಮು ಬಂದ ದಾರಿಯಲ್ಲೇ ಬಂದವು. ಅವನ್ನು ನಾವು ಹೊರಗಿನವು ಎನ್ನುವುದಿಲ್ಲ.

ಇನಾಮು ಅಂದರೆ ಜಮೀನಿನ ವ್ಯವಹಾರ ಎಂದುಕೊಳ್ಳುವವರೂ ಇದ್ದಾರೆ. ಅದಕ್ಕೆ ಕಾರಣ ಇದೆ. ಗುಡಿಗೆ, ಮಸೀದಿಗೆ, ಪಂಡಿತರಿಗೆ, ಊರಿನ ಚಾಕರಿ ಮಾಡುವವರಿಗೆ ಅರಸರು ಭೂಮಿಯನ್ನೇ ಇನಾಮಾಗಿ ಕೊಡುತ್ತಿದ್ದರು. ಕಂದಾಯ ಪೂರ್ತಿ ಬಿಟ್ಟರೆ ಸರ್ವಮಾನ್ಯ, ಸ್ವಲ್ಪ ಕಟ್ಟಬೇಕಿದ್ದರೆ ಜೋಡಿ. ಬೆಳಗಾವಿ ಜಿಲ್ಲೆಯ ಇನಾಮಹೊಂಗಲದ ಹೆಸರಿನಲ್ಲೇ ಈ ಪದ ಕೂತಿದೆ, ಇನಾಮದಾರ ಎಂಬ ಮನೆತನದ ಹೆಸರು ಉತ್ತರ ಕರ್ನಾಟಕದ ತುಂಬ ಇದೆ. ಕೊಟ್ಟವರು ಹೋದರು, ಪಡೆದವರೂ ಹೋದರು, ಆದರೆ ಮೊಮ್ಮಕ್ಕಳ ಕಾಲಕ್ಕೂ ಭೂಮಿ ಒಬ್ಬರದು, ಉಳುಮೆ ಇನ್ನೊಬ್ಬರದು ಎಂದಾದಾಗ ಈ ಪದಕ್ಕೆ ಕಹಿ ಅಂಟಿಕೊಂಡಿತು. ಮೈಸೂರು ರಾಜ್ಯದಲ್ಲಿ 1954 ಮತ್ತು 1955ರ ಎರಡು ಕಾಯ್ದೆಗಳು ಇನಾಮುಗಳನ್ನು ರದ್ದು ಮಾಡಿದವು. ಆಗಬೇಕಾದ್ದೇ ಆಯಿತು. ಆದರೆ ರದ್ದಾದದ್ದು ಆ ಪದ್ಧತಿ, ಮೆಚ್ಚಿ ಕೊಡುವ ಮನಸ್ಸಿಗೆ ಇದ್ದ ಹೆಸರನ್ನು ಯಾಕೆ ಅದರ ಜೊತೆಗೇ ಹೂಳಬೇಕು?

ಇನಾಮು ಬರುವ ಮೊದಲು ಇಂಥ ಕೊಡುಗೆಗೆ ನಮ್ಮಲ್ಲಿ ಹೆಸರೇ ಇರಲಿಲ್ಲವೇ? ಬೇಕಾದಷ್ಟು ಇತ್ತು. ಹಲ್ಮಿಡಿ ಶಾಸನವನ್ನೇ ನೋಡಿ. ಸುಮಾರು 450ನೇ ಇಸವಿಯದು ಎನ್ನುವ ಆ ಕಲ್ಲಿನಲ್ಲಿ, ಕಾದಾಡಿ ಗೆದ್ದ ವಿಜ ಅರಸನಿಗೆ ಎರಡು ಊರುಗಳನ್ನು ‘ಬಾಳ್ಗಳ್ಚು’ ಕೊಟ್ಟರು ಎಂದಿದೆ. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆ. ನೆತ್ತರಾದ ಕತ್ತಿ ತೊಳೆದು ಕೊಟ್ಟ ಕೊಡುಗೆ! ಇಂಥ ಪದವನ್ನು ಕಟ್ಟಿದ ಭಾಷೆ ನಮ್ಮದು. ಅರಸನ ಕೊಡುಗೆಗೆ ‘ಪಸಾಯ’ ಎಂದರು, ಅದು ಪ್ರಸಾದವೇ. ‘ಮೆಚ್ಚು’ ಎಂದರು, ಮೆಚ್ಚಿ ಕೊಟ್ಟ ವಸ್ತುವಿಗೂ ಅದೇ ಹೆಸರು.

ನನಗೆ ಬಹಳ ಇಷ್ಟವಾದದ್ದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. 949ರಲ್ಲಿ ತಕ್ಕೋಲದಲ್ಲಿ ಚೋಳರ ಜೊತೆ ಯುದ್ಧ ನಡೆಯಿತು. ಅಲ್ಲಿ ತನ್ನ ಮುಂದೆ ನಿಂತು ಹೋರಾಡಿದ ಮಣಲೇರನಿಗೆ ಗಂಗರ ಅರಸ ಬೂತುಗ ಮೆಚ್ಚಿ, ಬೇಡಿಕೋ ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ದಯೆಮಾಡಿ ಕೊಡಿ ಎಂದ. ಆ ನಾಯಿ ಮುಂದೆ ದೊಡ್ಡ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾನು ಎರಡು ಸಲ ಹೋಗಿ ನೋಡಿದ್ದೇನೆ, ಎರಡು ಸಲವೂ ಕಣ್ಣು ಒದ್ದೆಯಾಯಿತು.

ಪ್ರಶಸ್ತಿಯ ಕಥೆ ಬೇರೆ. ಅದು ಮೊದಲು ಹೊಗಳಿಕೆಯ ಬರಹ. ಕವಿ ರವಿಕೀರ್ತಿ 634ರಲ್ಲಿ ಐಹೊಳೆಯ ಮೇಗುಟಿ ಬಸದಿಯಲ್ಲಿ ಬರೆಸಿದ್ದು ಪುಲಿಕೇಶಿಯ ಪ್ರಶಸ್ತಿ. ಈಗ ನಮ್ಮ ಕರ್ನಾಟಕ ಸಾಹಿತ್ಯ ಅಕಾಡೆಮಿ ಹಿರಿಯರಿಗೆ ಗೌರವ ಪ್ರಶಸ್ತಿ, ಪುಸ್ತಕಕ್ಕೆ ಬಹುಮಾನ ಎಂದು ಬೇರೆ ಮಾಡಿ ಹೇಳುತ್ತದೆ. ಈ ಎಚ್ಚರ ಎಲ್ಲ ಕಡೆಯೂ ಇರಲಿ ಅಂತ ನನ್ನ ಆಸೆ.

ಸುಮ್ನೆ ಪದದ ಹಟ ಅಂದುಕೊಳ್ಳಬೇಡಿ. ನಮ್ಮ ಬೀದಿಯ ಅಕ್ಕ ಒಬ್ಬರಿಗೆ ‘ನೀವು ಬಹುಮಾನ ಗೆದ್ದಿದ್ದೀರಿ’ ಎಂದು ಮೊಬೈಲಿಗೆ ಸಂದೇಶ ಬಂತು. ಒತ್ತಿದರು, ದುಡ್ಡು ಹೋಯಿತು. ಆಮೇಲೆ ಅವರೇ ಅತ್ತುಕೊಂಡು ಕೇಳಿದರು, ‘ನಾನು ಯಾವ ಆಟ ಆಡಿದ್ದೆ ಗೆಲ್ಲೋದಕ್ಕೆ?’ ಸಿಕ್ಕಿದ್ದಕ್ಕೆಲ್ಲ ನಾವು ಬಹುಮಾನ ಅನ್ನುತ್ತಾ ಬಂದಿದ್ದೇವೆ. ಆ ಪ್ರಶ್ನೆ ಅವರಿಗೆ ಮೊದಲೇ ಹೊಳೆಯದೆ ಇದ್ದದ್ದರಲ್ಲಿ ನಮ್ಮ ಪಾಲೂ ಇದೆ ಅಂತ ನನಗೆ ಅನ್ನಿಸುತ್ತದೆ.

ನಿಮ್ಮ ಉಪಸಂಪಾದಕರಿಗೆ ಒಂದು ಮಾತು ಹೇಳಿ. ಸುಳಿವು ಕೊಟ್ಟವರಿಗೆ, ಕಳೆದ ವಸ್ತು ತಂದುಕೊಟ್ಟವರಿಗೆ ಇನಾಮು ಎಂದೇ ಬರೆಯಲಿ. ಪದ ಚಿಕ್ಕದು, ತಲೆಬರಹಕ್ಕೂ ಸುಲಭ. ಮತ್ತೆ, ಆ ನಾಯಿ ಸಿಕ್ಕಿತಾ? ಸಿಕ್ಕಿದ್ದರೆ ಅದನ್ನೂ ಹಾಕಿ, ಹುಡುಕಿಕೊಟ್ಟವರಿಗೆ ಏನು ಇನಾಮು ಬಂತು ಅನ್ನುವುದನ್ನೂ ಹಾಕಿ.

– ಒಬ್ಬ ಓದುಗ, ಧಾರವಾಡ