ಊರಿಗೆ ಹೊರಡುವ ಮುಂಚೆ ಒಂದು ಸೂಜಿ

ರಾಜ್ಯೋತ್ಸವ ಮುಗಿಯಿತು. ಟೆಕ್ಸಸ್‌ನ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಈಗ ಬರೀ ಡಿಸೆಂಬರ್ ಟಿಕೆಟ್ಟಿನ ಮಾತು. ದೋಹಾ ಮೇಲೆ ಹೋಗೋದಾ, ಫ್ರಾಂಕ್‌ಫರ್ಟ್ ಮೇಲೆ ಹೋಗೋದಾ, ಎರಡು ಸೂಟ್‌ಕೇಸ್ ಬಿಡುತ್ತಾರಾ, ಒಂದೇನಾ. ನಡುನಡುವೆ ಯಾವುದೋ ವೈರಸ್ಸಿನ ವಿಡಿಯೊ ಬಂದು ಬೀಳುತ್ತದೆ. ಆಸ್ಪತ್ರೆಯ ಕಾರಿಡಾರ್, ಮಾಸ್ಕ್ ಹಾಕಿದ ಜನ, ಹಿಂದೆ ಸೀರಿಯಲ್ ಸಂಗೀತ. ಒಂದಷ್ಟು ಜನ ಕೈಮುಗಿಯುವ ಎಮೋಜಿ ಹಾಕುತ್ತಾರೆ. ಆಮೇಲೆ ಮತ್ತೆ ಸೂಟ್‌ಕೇಸ್. "ಊರಿಗೆ ಹೋಗೋ ಮುಂಚೆ ಯಾವ ಲಸಿಕೆ ಹಾಕಿಸ್ಕೋಬೇಕು?" ಅಂತ ಆ ಗುಂಪಿನಲ್ಲಿ ಕೇಳಿದವರನ್ನು ಮಾತ್ರ ನಾನಂತೂ ನೋಡಿಲ್ಲ.

2025ರ ಜನವರಿ ನೆನಪಿದೆಯಾ? ಎಚ್‌ಎಂಪಿವಿ ಅಂತ ಒಂದು ವೈರಸ್ಸಿನ ಹೆಸರು ಎಲ್ಲರ ಬಾಯಲ್ಲೂ ಇತ್ತು. ಚೀನಾದ ಆಸ್ಪತ್ರೆ ವಿಡಿಯೊಗಳು ಹರಿದಾಡಿದವು. ಜನವರಿ 6ರಂದು ಬೆಂಗಳೂರಿನಲ್ಲಿ ಎರಡು ಹಸುಗೂಸುಗಳಲ್ಲಿ ಅದು ಪತ್ತೆಯಾಯಿತು ಅಂತ ಸುದ್ದಿ ಬಂತು. ಅದೇ ದಿನ ಸೆನ್ಸೆಕ್ಸ್ 1,200ಕ್ಕೂ ಹೆಚ್ಚು ಅಂಕ ಬಿತ್ತು. ಇಲ್ಲಿಂದ ಎಷ್ಟೋ ಜನ ಅಪ್ಪ ಅಮ್ಮನಿಗೆ ಫೋನ್ ಮಾಡಿ ಮನೆಯಿಂದ ಹೊರಗೆ ಹೋಗಬೇಡಿ ಅಂದರು. ಆ ಮಕ್ಕಳಿಬ್ಬರೂ ಎಲ್ಲಿಗೂ ಪ್ರಯಾಣ ಮಾಡಿದವರಲ್ಲ. ಆ ವೈರಸ್ ಹೊಸದೂ ಅಲ್ಲ. ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು 2001ರಲ್ಲೇ ಅದನ್ನು ಗುರುತಿಸಿದ್ದರು. ಪ್ರತಿ ಚಳಿಗಾಲ ನಮ್ಮ ಮಕ್ಕಳ ಮೂಗು ಸೋರಿಸುವ ಗುಂಪಿಗೆ ಸೇರಿದ್ದು ಅದು. ಎರಡು ವಾರದಲ್ಲಿ ಎಲ್ಲರೂ ಮರೆತರು.

ಅದೇ ಜನವರಿಯ ಕೊನೆಗೆ ನಮ್ಮದೇ ಟೆಕ್ಸಸ್‌ನ ಪಶ್ಚಿಮ ಅಂಚಿನ ಗೇನ್ಸ್ ಕೌಂಟಿಯಲ್ಲಿ ದಡಾರ ಶುರುವಾಯಿತು. ಅದರ ಬಗ್ಗೆ ನಮ್ಮ ಗುಂಪಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಆಗಸ್ಟ್ 18ರಂದು ರಾಜ್ಯದ ಆರೋಗ್ಯ ಇಲಾಖೆ "ಮುಗಿಯಿತು" ಅನ್ನುವಷ್ಟರಲ್ಲಿ 762 ಜನರಿಗೆ ಬಂದಿತ್ತು. ಅರ್ಧಕ್ಕಿಂತ ಜಾಸ್ತಿ ಆ ಒಂದೇ ಕೌಂಟಿಯಲ್ಲಿ. 99 ಜನ ಆಸ್ಪತ್ರೆ ಸೇರಿದರು. ಶಾಲೆಗೆ ಹೋಗುವ ವಯಸ್ಸಿನ ಇಬ್ಬರು ಮಕ್ಕಳು ಸತ್ತರು. ಇಬ್ಬರಿಗೂ ಲಸಿಕೆ ಆಗಿರಲಿಲ್ಲ, ಬೇರೆ ಕಾಯಿಲೆಯೂ ಇರಲಿಲ್ಲ. ಅಮೆರಿಕದಲ್ಲಿ 2015ರಿಂದ ದಡಾರದಿಂದ ಒಂದೂ ಸಾವು ಆಗಿರಲಿಲ್ಲ. ದೇಶದ ಲೆಕ್ಕ ನೋಡಿದರೆ 1992ರ ನಂತರ ಅಲ್ಲಿಯವರೆಗೆ ಯಾವ ವರ್ಷವೂ 2025ರಷ್ಟು ದಡಾರ ಕಂಡಿರಲಿಲ್ಲ. 2000ದಲ್ಲಿ ಇಲ್ಲಿಂದ ಓಡಿಸಿದ್ದೇವೆ ಅಂತ ಘೋಷಿಸಿದ್ದ ಕಾಯಿಲೆ ಇದು. ಕೆನಡಾಕ್ಕೆ 1998ರಿಂದ ಇದ್ದ ದಡಾರ ಓಡಿಸಿದ ದೇಶ ಅನ್ನುವ ಪಟ್ಟ 2025ರ ನವೆಂಬರ್ 10ಕ್ಕೆ ಹೋಯಿತು.

ದಡಾರದ ಬಗ್ಗೆ ನಮ್ಮಲ್ಲಿ ಒಂದು ಉದಾಸೀನ ಇದೆ. ನಮ್ಮ ಅಜ್ಜಿಯರು ಬೇವಿನ ಸೊಪ್ಪು ಹಾಸಿ, ಕತ್ತಲೆ ಕೋಣೆಯಲ್ಲಿ ಮಲಗಿಸಿ, ಒಗ್ಗರಣೆ ಹಾಕದೆ ಅಡುಗೆ ಮಾಡಿ, ವಾರದಲ್ಲಿ ಎಬ್ಬಿಸಿ ಕೂರಿಸುತ್ತಿದ್ದರು. ಎದ್ದು ಕೂತವರು ನಾವು, ಅದಕ್ಕೇ ಈ ಕತೆ ಹೇಳುತ್ತಿದ್ದೇವೆ. ಏಳದವರ ಕತೆ ಹೇಳುವವರಿಲ್ಲ. ಬೇವಿನ ಸೊಪ್ಪಿನ ಮೇಲೆ ನನಗೆ ಮುನಿಸಿಲ್ಲ, ತುರಿಕೆಗೆ ಹಿತವಾಗಿರಬಹುದು. ಆದರೆ ಅದು ವೈರಸ್ಸನ್ನು ಕೊಲ್ಲುವುದಿಲ್ಲ. ಇಲ್ಲಿಯವರೂ ಇಂಥದ್ದರಲ್ಲಿ ಏನೂ ಕಡಿಮೆಯಿಲ್ಲ ಬಿಡಿ. ಪಶ್ಚಿಮ ಟೆಕ್ಸಸ್‌ನಲ್ಲಿ ಕೆಲವರು ಮಕ್ಕಳಿಗೆ ವಿಟಮಿನ್ ಎ ಎಷ್ಟು ಕುಡಿಸಿದರೆಂದರೆ, ಲಬ್ಬಕ್‌ನಲ್ಲಿ ಡಾಕ್ಟರುಗಳು ದಡಾರದ ಜೊತೆಗೆ ವಿಟಮಿನ್ ವಿಷಕ್ಕೂ ಔಷಧಿ ಮಾಡಬೇಕಾಯಿತು.

ದಡಾರ ಗಾಳಿಯಲ್ಲಿ ಬರುತ್ತದೆ. ರೋಗಿ ಎದ್ದು ಹೋದ ಮೇಲೂ ಆ ಕೋಣೆಯಲ್ಲಿ 2 ಗಂಟೆವರೆಗೆ ವೈರಸ್ ಉಳಿದಿರಬಹುದು. ರಕ್ಷಣೆ ಇಲ್ಲದ 10 ಜನ ಹತ್ತಿರ ಇದ್ದರೆ 9 ಜನಕ್ಕೆ ಅಂಟುತ್ತದೆ. ಮೈಮೇಲೆ ಗುಳ್ಳೆ ಕಾಣುವುದಕ್ಕೆ 4 ದಿನ ಮುಂಚಿನಿಂದಲೇ ಹರಡುತ್ತದೆ. ಹಾಗಾಗಿ ಏರ್‌ಪೋರ್ಟಿನಲ್ಲಿ ಯಾರಿಂದ ದೂರ ನಿಲ್ಲಬೇಕು ಅಂತ ನಿಮಗೆ ಗೊತ್ತೇ ಆಗುವುದಿಲ್ಲ.

ಈಗ ನಮ್ಮ ವಿಷಯಕ್ಕೆ ಬರೋಣ. ಈ ಸಂಚಿಕೆ ಓದುವವರಲ್ಲಿ ಹೆಚ್ಚಿನವರು 30ರಿಂದ 50ರ ನಡುವಿನವರು, ಕರ್ನಾಟಕದಲ್ಲಿ ಹುಟ್ಟಿದವರು. ಭಾರತ ಸರ್ಕಾರದ ಲಸಿಕೆ ಕಾರ್ಯಕ್ರಮಕ್ಕೆ ದಡಾರದ ಲಸಿಕೆ ಸೇರಿದ್ದು 1985ರಲ್ಲಿ. ಎರಡನೇ ಡೋಸ್ ಶುರುವಾಗಿದ್ದು 2010ರಲ್ಲಿ. ಅಂದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಆಗಿದ್ದರೆ 9ನೇ ತಿಂಗಳಲ್ಲಿ ಒಂದೇ ಒಂದು ಚುಚ್ಚು. ಆ ವಯಸ್ಸಿನಲ್ಲಿ ಕೊಟ್ಟ ಲಸಿಕೆ 100ರಲ್ಲಿ ಸುಮಾರು 85 ಮಕ್ಕಳಲ್ಲಿ ಮಾತ್ರ ಹಿಡಿಯುತ್ತದೆ. ಇಲ್ಲಿನ ನಿಯಮದಲ್ಲಿ ಒಂದು ವರ್ಷಕ್ಕೆ ಮುಂಚಿನ ಡೋಸ್ ಲೆಕ್ಕಕ್ಕೇ ಇಲ್ಲ. ದಡಾರ, ಮಂಗಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಕೊಡುವ ಎಂಎಂಆರ್ ಲಸಿಕೆ ಎರಡು ಡೋಸ್ ಆದವರಿಗೆ ದಡಾರದಿಂದ ರಕ್ಷಣೆ ಶೇ. 97.

ಇಲ್ಲಿ ಓದಲು ಬಂದವರು ಬಹುಶಃ ಯೂನಿವರ್ಸಿಟಿಯವರ ಕಾಟಕ್ಕೆ ಎರಡೂ ಹಾಕಿಸಿಕೊಂಡಿರುತ್ತೀರಿ. ಗ್ರೀನ್ ಕಾರ್ಡ್ ಆದವರಿಗೆ ವೈದ್ಯಕೀಯ ಪರೀಕ್ಷೆಯಲ್ಲಿ ಕೇಳಿರುತ್ತಾರೆ. ನೇರ ಕೆಲಸದ ವೀಸಾದಲ್ಲಿ ಬಂದು ಇನ್ನೂ ಕಾಯುತ್ತಿರುವವರನ್ನು, ಅವರ ಜೊತೆ ಬಂದ ಗಂಡ ಅಥವಾ ಹೆಂಡತಿಯನ್ನು ಯಾರೂ ಕೇಳಿಲ್ಲ. ಮಕ್ಕಳ ಚೀಟಿ ಶಾಲೆಯವರು ಜೋಪಾನ ಮಾಡಿರುತ್ತಾರೆ. ನಿಮ್ಮದು ಊರಿನ ಬೀರುವಿನಲ್ಲಿ, ಯಾವುದೋ ಮಾರ್ಕ್ಸ್ ಕಾರ್ಡಿನ ಕೆಳಗೆ ಇರಬಹುದು, ಇಲ್ಲದಿರಬಹುದು. ಹುಡುಕಿಸಬೇಡಿ. ಆಗಿತ್ತೋ ಇಲ್ಲವೋ ಗೊತ್ತಿಲ್ಲದವರು ಸುಮ್ನೆ ಇನ್ನೊಮ್ಮೆ ಹಾಕಿಸಿಕೊಂಡರೆ ತೊಂದರೆ ಏನೂ ಇಲ್ಲ. ಎರಡು ಡೋಸ್ ನಡುವೆ 28 ದಿನ ಬೇಕು. ಅಷ್ಟು ದಿನ ಇಲ್ಲ ಅಂದರೆ ಒಂದಾದರೂ ಆಗಲಿ. ಬಸುರಿಯರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತಗೊಳ್ಳುತ್ತಿರುವವರು ಇದನ್ನು ಹಾಕಿಸಿಕೊಳ್ಳುವ ಹಾಗಿಲ್ಲ. ಅವರ ಸುತ್ತ ಇರುವವರು ಹಾಕಿಸಿಕೊಳ್ಳಬೇಕು.

ಪುಟ್ಟ ಮಗುವನ್ನು ಮೊದಲ ಸಲ ಅಜ್ಜಿಗೆ ತೋರಿಸಲು ಕರೆದೊಯ್ಯುವವರಿಗೆ ಒಂದು ಮಾತು. ಇಲ್ಲಿ ಎಂಎಂಆರ್ ಒಂದು ವರ್ಷ ತುಂಬಿದ ಮೇಲೆ ಕೊಡುತ್ತಾರೆ. ಹೊರದೇಶಕ್ಕೆ ಹೋಗುವ 6ರಿಂದ 11 ತಿಂಗಳ ಕೂಸಿಗೆ ಮುಂಚೆಯೇ ಒಂದು ಡೋಸ್ ಕೊಡಬೇಕು ಅಂತ ಶಿಫಾರಸೇ ಇದೆ. ಆ ಡೋಸ್ ಆ ಪ್ರಯಾಣದ ರಕ್ಷಣೆಗೆ, ವರ್ಷ ತುಂಬಿದ ಮೇಲೆ ಮತ್ತೆ ಎರಡು ಆಗಬೇಕು. ನೀವು ಪ್ರಯಾಣದ ವಿಷಯ ಹೇಳದಿದ್ದರೆ ಮಕ್ಕಳ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಬಾಯಿಬಿಟ್ಟು ಹೇಳಿ.

ಲಸಿಕೆ ಬೇಡ ಅನ್ನುವ ಫಾರ್ವರ್ಡ್‌ಗಳು ನಮ್ಮ ಗುಂಪಿಗೂ ಬರತೊಡಗಿವೆ. 2025ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ ಶಾಲಾ ಮಕ್ಕಳ ಲಸಿಕೆ ವಿನಾಯಿತಿ ಫಾರಂ ಆನ್‌ಲೈನಿನಲ್ಲೇ ಸಿಗುತ್ತದೆ. ಮುಂಚಿನ ಹಾಗೆ ಅರ್ಜಿ ಹಾಕಿ, ಅಂಚೆಗೆ ಕಾದು ಕೂರಬೇಕಿಲ್ಲ. ಬೇರೆ ಯಾರಾದರೂ ಅದನ್ನು ತುಂಬಲಿ, ನನಗೆ ಅರ್ಥವಾಗುತ್ತದೆ ಅಂತಲ್ಲ, ಆದರೂ ಇರಲಿ. 2017ರಲ್ಲಿ ದಡಾರ ಮತ್ತು ರುಬೆಲ್ಲಾ ಅಭಿಯಾನ ದೇಶದಲ್ಲೇ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಆಶಾ ಕಾರ್ಯಕರ್ತೆಯರು ಮನೆಮನೆ ಬಾಗಿಲು ತಟ್ಟಿ ಇಂಥವೇ ವಾಟ್ಸಾಪ್ ಸುಳ್ಳುಗಳ ಜೊತೆ ಗುದ್ದಾಡಿದ್ದರು. ಅಲ್ಲಿಂದ ಬಂದ ನಾವು ಇಲ್ಲಿ ಆ ಫಾರಂ ತುಂಬುವುದು ನನಗಂತೂ ನಾಚಿಕೆಯ ವಿಷಯ.

ಪ್ರಯಾಣಿಕರ ಆರೋಗ್ಯ ನೋಡುವ ಡಾಕ್ಟರುಗಳ ಪುಸ್ತಕದಲ್ಲಿ ನಮಗೆ ಬೇರೆಯದೇ ಒಂದು ಗುಂಪು ಇದೆ: ನೆಂಟರು, ಸ್ನೇಹಿತರನ್ನು ನೋಡಲು ತಾಯ್ನಾಡಿಗೆ ಹೋಗುವವರು. ಹಂಪಿ ನೋಡಲು ಹೋಗುವ ಅಮೆರಿಕನ್ನರಿಗಿಂತ ಈ ಗುಂಪಿನವರು ಜಾಸ್ತಿ ಕಾಯಿಲೆ ಬೀಳುತ್ತಾರೆ. ಕಾರಣ ನಮಗೆಲ್ಲ ಗೊತ್ತಿರುವುದೇ. ಟೂರಿಸ್ಟ್ ಹೋಟೆಲಿನಲ್ಲಿ ಇರುತ್ತಾನೆ, ಬಾಟಲಿ ನೀರು ಕುಡಿಯುತ್ತಾನೆ, ಹತ್ತು ದಿನಕ್ಕೆ ವಾಪಸ್ ಬರುತ್ತಾನೆ. ನಾವು ತಿಂಗಳು ಇರುತ್ತೇವೆ. ಮದುವೆ ಮನೆಯ ಪಾನಕ, ದೇವಸ್ಥಾನದ ತೀರ್ಥ, ಚಿಕ್ಕಮ್ಮ ಕೊಟ್ಟ ಮಜ್ಜಿಗೆ, ಯಾವುದಕ್ಕೂ ಬೇಡ ಅನ್ನುವ ಹಾಗಿಲ್ಲ. ಮೇಲಿಂದ "ನಾವು ಅಲ್ಲೇ ಹುಟ್ಟಿ ಬೆಳೆದವರು, ನಮಗೇನಾಗತ್ತೆ" ಅನ್ನುವ ಗತ್ತು ಬೇರೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಆ ಗತ್ತೂ ಇಲ್ಲ, ಆ ಹೊಟ್ಟೆಯೂ ಇಲ್ಲ.

ಟೈಫಾಯ್ಡ್ ಅದಕ್ಕೆ ಸರಿಯಾದ ಉದಾಹರಣೆ. ಅಮೆರಿಕದಲ್ಲಿ ಕಾಣುವ ಟೈಫಾಯ್ಡ್‌ನಲ್ಲಿ ಹೆಚ್ಚಿನದು ಹೊರದೇಶಕ್ಕೆ ಹೋಗಿ ಬಂದವರದ್ದು, ಅದರಲ್ಲೂ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಕಡೆ ಹೋದವರದ್ದು. ಹಿಂದೆ ಸಿಪ್ರೊ ಮಾತ್ರೆಗೆ ಬಗ್ಗುತ್ತಿದ್ದ ಬ್ಯಾಕ್ಟೀರಿಯಾ ಈಗ ಬಗ್ಗುವುದಿಲ್ಲ. ಇಲ್ಲಿ ಸಿಗುವ ಲಸಿಕೆ ಒಂದೇ ಸೂಜಿ, 2 ವರ್ಷ ಬರುತ್ತದೆ. ಹೊರಡುವ 2 ವಾರ ಮುಂಚೆ ಆಗಿರಬೇಕು. ಹಾಕಿಸಿಕೊಂಡರೂ ಪೂರ್ತಿ ಕವಚವಲ್ಲ, ಪಾನಿಪುರಿಯ ನೀರಿನ ಮೇಲೆ ಸ್ವಲ್ಪ ಅನುಮಾನ ಇರಲಿ. ಮೈಯೊಳಗೆ ಸೇರಿದ ಮೇಲೆ ಜ್ವರ ಬರಲು ವಾರವೂ ಆಗಬಹುದು, ತಿಂಗಳೂ ಆಗಬಹುದು. ಜನವರಿಯಲ್ಲಿ ಇಲ್ಲಿ ಜ್ವರ ಬಂದರೆ ಡಾಕ್ಟರು ಫ್ಲೂ ಅಂದುಕೊಳ್ಳುತ್ತಾರೆ. "ಇಂಡಿಯಾದಿಂದ ಈಗ ತಾನೇ ಬಂದೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ.

ಡೆಂಗಿ ಮಳೆಗಾಲದಷ್ಟು ಡಿಸೆಂಬರಿನಲ್ಲಿ ಇರುವುದಿಲ್ಲ, ಆದರೆ ಬೆಂಗಳೂರಿನಲ್ಲಿ ಪೂರ್ತಿ ಹೋಗುವುದೂ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ದಂಡ ಹಾಕುವ ನಿಯಮವನ್ನೂ ತಂದಿತು. ಈ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ರಾತ್ರಿಯ ಪರದೆ ನಂಬಿ ಕೂರಬೇಡಿ. ನಮ್ಮ ಬ್ಯಾಗಿನಲ್ಲಿ ಜ್ವರಕ್ಕೆ ಅಂತ ಐಬುಪ್ರೊಫೆನ್ ಇರುತ್ತದೆ, ಅಲ್ವಾ? ಡೆಂಗಿ ಅನುಮಾನ ಇದ್ದಾಗ ಅದು ಬೇಡ, ಆಸ್ಪಿರಿನ್ನೂ ಬೇಡ. ರಕ್ತಸ್ರಾವ ಹೆಚ್ಚಬಹುದು. ಊರಿನವರು ಕೊಡುವ ಡೋಲೋ, ಅಂದರೆ ಪ್ಯಾರಸಿಟಮಾಲ್ ಸಾಕು.

ಸಾಗರ, ಸೊರಬ, ತೀರ್ಥಹಳ್ಳಿ, ಸಿದ್ದಾಪುರ ಕಡೆಯವರಿಗೆ ಮಂಗನ ಕಾಯಿಲೆ ಬಗ್ಗೆ ನಾನು ಹೇಳಿಕೊಡಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಡಿಸೆಂಬರಿನಿಂದ ಮೇ ತನಕ ತಲೆಯೆತ್ತುತ್ತದೆ. ನಾವು ಊರಿಗೆ ಹೋಗುವುದೂ ಆಗಲೇ. ಮನುಷ್ಯರಿಗೆ ಇದು ಬರುವುದು ಉಣುಗು ಕಚ್ಚಿ. ಹಳೆಯ ಲಸಿಕೆ ಕೊಡುವುದನ್ನು ನಿಲ್ಲಿಸಿದ್ದಾರೆ. ಉಣುಗು ಹತ್ತಿರ ಬರದಂತೆ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆ ಕೈಕಾಲಿಗೆ ಸವರಿಕೊಂಡೇ ತೋಟಕ್ಕೆ, ಕಾಡಿಗೆ ಹೋಗಬೇಕು. ಮಕ್ಕಳನ್ನು ಫೋಟೊಗೆ ಅಂತ ತರಗೆಲೆ ರಾಶಿಯ ಮೇಲೆ ಕೂರಿಸಬೇಡಿ. ಬಂದ ಮೇಲೆ ಬಿಸಿನೀರಿನ ಸ್ನಾನ, ಮೈಯೆಲ್ಲ ಒಮ್ಮೆ ನೋಡುವುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪಂಚಾಯ್ತಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ.

ಬೀದಿನಾಯಿ ಕಚ್ಚಿದರೆ, ಪರಚಿದರೂ ಅಷ್ಟೇ, ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್‌ಗೆ ಹೊಕ್ಕುಳ ಸುತ್ತ 14 ಸೂಜಿಯ ಕಾಲ ಹೋಯಿತು, ಈಗ ತೋಳಿಗೇ ಕೊಡುತ್ತಾರೆ. ಇಲ್ಲಿನ ಮಕ್ಕಳು ಕಂಡ ನಾಯಿಗೆಲ್ಲ ಕೈ ಚಾಚುತ್ತಾರೆ, ವಿಮಾನದಲ್ಲೇ ಒಮ್ಮೆ ಹೇಳಿಬಿಡಿ.

ಇನ್ನು ಅಲ್ಲಿಂದ ಇಲ್ಲಿಗೆ ಬರುವವರು. ಅಪ್ಪ ಅಮ್ಮ ಬಂದಿಳಿಯುವುದು ಎಷ್ಟೋ ಸಲ ಫ್ಲೂ ಹೊತ್ತಿನಲ್ಲೇ. "ನನಗೆ ಎಪ್ಪತ್ತು ವರ್ಷದಲ್ಲಿ ಒಂದು ಸೂಜಿ ಬೇಕಾಗಿಲ್ಲ" ಅಂತ ಅಪ್ಪ ಹೇಳಿಯೇ ಹೇಳುತ್ತಾರೆ. ವಿಸಿಟರ್ ಇನ್ಶೂರೆನ್ಸ್ ಸಾಮಾನ್ಯವಾಗಿ ಲಸಿಕೆಗೆ ದುಡ್ಡು ಕೊಡುವುದಿಲ್ಲ, ಫಾರ್ಮಸಿಯಲ್ಲಿ ಕೈಯಿಂದ ಕೊಡಬೇಕು. ಕೊಡಿ. ನ್ಯುಮೋನಿಯಾ ಆಗಿ ಎರಡು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದರೆ ಬರುವ ಬಿಲ್ಲಿನ ಮುಂದೆ ಅದು ಏನೂ ಅಲ್ಲ. 65 ದಾಟಿದವರಿಗೆ ಹೆಚ್ಚು ಶಕ್ತಿಯ ಫ್ಲೂ ಲಸಿಕೆ ಬೇರೆಯೇ ಇದೆ, ಅದನ್ನೇ ಕೇಳಿ. ಮೊಮ್ಮಗಳ ಕೈಲಿ ಹೇಳಿಸಿದರೆ ಕೆಲಸ ಬೇಗ ಆಗುತ್ತದೆ.

ಕೊನೆಗೆ ಸಂಕ್ರಾಂತಿ ಕಾರ್ಯಕ್ರಮದ ಮಾತು. ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿದ ಮಗುವಿಗೆ ಆ ದಿನವೇ ಜ್ವರ ಬಂದರೆ ಔಷಧಿ ಕುಡಿಸಿ, ಲಂಗ ಉಡಿಸಿ ಕರೆತರುವ ಆಸೆ ತಂದೆತಾಯಿಗೆ ಇರುತ್ತದೆ. ಹಾಗೆ ಬಂದ ಮಗುವಿನ ಪಕ್ಕ ನಿಲ್ಲುವ ಮಗುವಿನ ಮನೆಯಲ್ಲಿ ಬಾಣಂತಿ ಇರಬಹುದು, ಕೀಮೊ ತಗೊಳ್ಳುತ್ತಿರುವ ಅಜ್ಜ ಇರಬಹುದು. ಜ್ವರದಿಂದ ಕಾರ್ಯಕ್ರಮ ತಪ್ಪಿಹೋದ ಮಗುವಿಗೆ ಯುಗಾದಿಯಲ್ಲಿ ಖಂಡಿತ ಜಾಗ ಕೊಡಬೇಕು ಅಂತ ನಾನು ಸಮಿತಿಯನ್ನು ಕೇಳಿಕೊಂಡಿದ್ದೇನೆ. ನೀವೂ ಕೇಳಿ.

ಬಡಿಸಲು ಹೆಸರು ಕೊಟ್ಟವರು ಇದನ್ನು ಓದಿ. ಚಳಿಗಾಲದ ವಾಂತಿ ಭೇದಿಗೆ ಹೆಚ್ಚಾಗಿ ಕಾರಣ ನೊರೊವೈರಸ್. ಬಾಟಲಿಯ ಸ್ಯಾನಿಟೈಸರ್ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ, ಸೋಪು ಮತ್ತು ನೀರೇ ಬೇಕು. ಹೊಟ್ಟೆ ಕೆಟ್ಟವರು ಪೂರ್ತಿ ಸರಿಹೋದ ಮೇಲೂ 2 ದಿನ ಅಡುಗೆಮನೆಗೆ ಬರುವಂತಿಲ್ಲ. ಬದಲಿಗೆ ಪಾರ್ಕಿಂಗ್ ನೋಡಿಕೊಳ್ಳಬಹುದು, ಅಲ್ಲಿ ಯಾವಾಗಲೂ ಜನ ಸಾಲುವುದಿಲ್ಲ.